ಸರ್ಪಸುತ್ತಿನ ಉರಿಯೂ ಮೆಣಸಿನಕಾಯಿಯ ಲೇಪವೂ

ಸರ್ಪಸುತ್ತು ಎದ್ದವರ ಮೈಗೆ ಕೆಮ್ಮಣ್ಣನ್ನು ಬಳಿಯುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ರೂಢಿ. ಇದು ನಾಗದೋಷವೆಂದು ಬಗೆದು ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊರುವವರೂ ಉಂಟು. ಹರಕೆ ಅವರವರ ಶ್ರದ್ಧೆಗೆ ಸೇರಿದುದು. ನಾವು ಆ ಗೊಡವೆಗೆ ಹೋಗುವುದಿಲ್ಲ. ಗುಳ್ಳೆಗಳು ಒಣಗಿದ ಮೇಲೂ ಮನೆಯ ಹಿರಿಯರು ‘ಇನ್ನೂ ಉರಿಯುತ್ತಿದೆ’ ಎಂದರೆ, ‘ಹುಣ್ಣು ಮಾಯಿತಲ್ಲ, ಇದೆಲ್ಲ ಭ್ರಮೆ’ ಎಂದುಬಿಡುತ್ತೇವಲ್ಲ, ಆ ಮಾತು ಅನ್ಯಾಯವಾದುದೆಂದು ಹೇಳುವುದೇ ನಮ್ಮ ಉದ್ದೇಶ.

ಬಾಲ್ಯದಲ್ಲಿ ಸೀತಾಳೆ ಸಿಡುಬನ್ನು ತಂದ ವೈರಸ್ಸು ದೇಹವನ್ನು ಬಿಟ್ಟು ಹೋಗದೆ ನರಗಂಟುಗಳಲ್ಲಿ ಹತ್ತಾರು ವರ್ಷ ಅಡಗಿರುತ್ತದೆ. ಮುಪ್ಪಿನಲ್ಲಿ ಅದು ಮತ್ತೆ ಎಚ್ಚೆತ್ತು ಒಂದು ನರದ ಜಾಡನ್ನು ಹಿಡಿದು ಚರ್ಮಕ್ಕೆ ಬರುತ್ತದೆ. ಆದುದರಿಂದಲೇ ಗುಳ್ಳೆಗಳು ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಏಳುವುದು. (ಸುತ್ತಿನ ಎರಡು ತುದಿಗಳು ಕೂಡಿದರೆ ಸಾವೆಂಬ ಭಯಕ್ಕೆ ಆಧಾರವಿಲ್ಲ.) ಚರ್ಮ ಮಾಯುತ್ತದೆ, ಕೆಟ್ಟ ನರ ಬೇಗ ಮಾಯದು. ಆಗ ಅಂಗಿ ಸೋಕಿದರೂ ಕೆಂಡ ಸೋಕಿದಂತಾಗುತ್ತದೆ. ದೊಡ್ಡಬಳ್ಳಾಪುರದಂತಹ ಮಗ್ಗಗಳ ಊರಿನಲ್ಲಿ ಬಟ್ಟೆಯೇ ಶತ್ರುವಾದರೆ ಗತಿಯೇನು?

ಈ ನೋವಿಗೆ ಮೇಲೆ ಹಚ್ಚುವ ಔಷಧಗಳಲ್ಲಿ ಎರಡು ಮುಖ್ಯವಾದುವು. ಶೇಕಡಾ 5ರ ಲಿಗ್ನೊಕೇನ್ ಪಟ್ಟಿ ನರತಂತುವಿನ ಸೋಡಿಯಂ ದ್ವಾರಗಳನ್ನು ಮುಚ್ಚಿ ನೋವಿನ ಸಂಕೇತವನ್ನು ತಡೆಯುತ್ತದೆ. ಎರಡನೆಯದು ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಬಲು ಸ್ವಾರಸ್ಯಕರ. ಮೆಣಸಿನಕಾಯಿ ಕುಟ್ಟಿದ ಕೈಗೆ ಉಷ್ಣಮಾಪಕವನ್ನು ಹಿಡಿದರೆ ಪಾದರಸವು ಆ ಉರಿಗೆ ತಕ್ಕಂತೆ ಏರುವುದಿಲ್ಲ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೆ ತೆರೆಯತಕ್ಕ ನರದ ದ್ವಾರವೊಂದನ್ನು ಕ್ಯಾಪ್ಸೈಸಿನ್ ಬಿಸಿಯಿಲ್ಲದೆಯೇ ತೆರೆದುಬಿಡುತ್ತದೆ. ಈ ದ್ವಾರವನ್ನು 1997ರಲ್ಲಿ ಗುರುತಿಸಿದವರು ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು. ಜೂಲಿಯಸ್ಸರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಉಷ್ಣಮಾಪಕಕ್ಕೆ ಸಿಗದ ಉರಿಯೂ ನಿಜವಾದ ಉರಿಯೇ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಇದೇ ವಸ್ತುವನ್ನು ಅಳತೆಯರಿತು ಮತ್ತೆ ಮತ್ತೆ ಹಚ್ಚಿದರೆ ನರತುದಿಗಳು ಕೆಲಕಾಲ ಸೋತು ಸುಮ್ಮನಾಗುತ್ತವೆ. ಮುಲಾಮಿನಲ್ಲಿ ಅದರ ಪ್ರಮಾಣ ಶೇಕಡಾ 0.075 ಅಥವಾ ಇನ್ನೂ ಕಡಮೆ. ಶೇಕಡಾ 8ರ ಪಟ್ಟಿಯನ್ನಾದರೋ ವೈದ್ಯರ ಮೇಲ್ವಿಚಾರಣೆಯಲ್ಲೇ ಅಂಟಿಸತಕ್ಕದ್ದು. ಅಡುಗೆಮನೆಯ ಖಾರದ ಪುಡಿಯನ್ನು ಕಲಸಿ ಬಳಿಯುವ ಸಾಹಸ ಬೇಡ. ಒಡೆದ ಗುಳ್ಳೆಗಳ ಮೇಲೆ ಈ ಎರಡು ಔಷಧಗಳೂ ಸಲ್ಲವು.

ಲೇಪಗಳಿಂದ ಎಲ್ಲರಿಗೂ ಉಪಶಮನ ದೊರೆಯದು. ನಮಗೆ ಹೆಚ್ಚು ಕಳವಳವಿರುವುದು ಮೊದಲ ಮೂರು ದಿನಗಳ ಬಗ್ಗೆ. ಗುಳ್ಳೆ ಎದ್ದ 72 ಗಂಟೆಗಳೊಳಗೆ ಅಸೈಕ್ಲೋವಿರ್ ಜಾತಿಯ ಗುಳಿಗೆಗಳನ್ನು ಆರಂಭಿಸಿದರೆ ರೋಗದ ಉಗ್ರತೆ ತಗ್ಗುತ್ತದೆ. ಕೆಮ್ಮಣ್ಣಿನ ಗುಣವನ್ನು ಕಾಯುತ್ತ ಕುಳಿತರೆ ಆ ಹೊತ್ತು ಮೀರಿಹೋಗುತ್ತದೆ. ಕಣ್ಣಿನ ಸುತ್ತ ಎದ್ದರಂತೂ ದೃಷ್ಟಿಗೇ ಅಪಾಯವುಂಟು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಘಾಟಿಯ ಹರಕೆಯನ್ನು ಆಮೇಲೆ ತೀರಿಸಿದರೂ ನಡೆದೀತು.