ಪಾಪರ್ ಚೀಟಿ ಯಾರ ಹಕ್ಕು?

'ಅವನು ಪಾಪರ್ ಆದ' ಎಂದು ಹೇಳಿ ನಗುವುದು ನಮಗೆಷ್ಟು ಸಲೀಸು! ಉರ್ದುವಿನ 'ಮುಫ್ಲಿಸ್' ಎಂಬ ಪದವನ್ನೂ ನಾವು ಬೈಗುಳದಂತೆಯೇ ಬಳಸುತ್ತೇವೆ. ಆದರೆ ಕಾನೂನಿನ ಕಣ್ಣಿನಲ್ಲಿ ದಿವಾಳಿತನ ಒಂದು ಆಸರೆ. ಶ್ರೀಮಂತರು ಇದನ್ನು ಬಲ್ಲರು. ಬಡವರಿಗೆ ಇದನ್ನು ಹೇಳಿಕೊಟ್ಟವರು ಯಾರು?

1920ರ ಪ್ರಾಂತೀಯ ದಿವಾಳಿ ಕಾಯ್ದೆ ನಮ್ಮ ಜಿಲ್ಲೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಸಾಲ ತೀರಿಸಲಾಗದವನು ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ದಿವಾಳಿ ಎಂದು ಘೋಷಣೆಯಾದರೆ ಅವನ ಆಸ್ತಿ ನ್ಯಾಯಾಲಯದ ವಶವಾಗಿ ಸಾಲ ಕೊಟ್ಟವರಿಗೆಲ್ಲ ಹಂಚಿಕೆಯಾಗುತ್ತದೆ. ಆಮೇಲೆ ಅನುಮತಿಯಿಲ್ಲದೆ ಅವರು ದಾವೆ ಹೂಡುವಂತಿಲ್ಲ. ಬಂಧನದ ಭಯವಿದ್ದರೆ ರಕ್ಷಣಾ ಆದೇಶ ಕೇಳಬಹುದು. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಸಲಕರಣೆಗಳನ್ನು ಯಾರೂ ಮುಟ್ಟುವಂತಿಲ್ಲ. ಕೊನೆಗೆ ವಿಮೋಚನೆ ಸಿಕ್ಕರೆ ಹಳೆಯ ಸಾಲದ ಹೊರೆ ಇಳಿಯುತ್ತದೆ. ವಂಚಿಸಿ ಮಾಡಿದ ಸಾಲ, ಸರಕಾರದ ಬಾಕಿಯಂಥವು ಉಳಿಯುತ್ತವೆ. ಅಡವಿಟ್ಟುಕೊಂಡವರ ಹಕ್ಕೂ ಅಳಿಯುವುದಿಲ್ಲ. ಹೀಗಿರುವಾಗ ಇದನ್ನು ಮೋಸಗಾರರ ದಾರಿ ಎನ್ನುವುದು ಯಾವ ನ್ಯಾಯ?

ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ಆದರೆ ಬಾಗಿಲು ಬಡಿಯುವವನನ್ನು ತಡೆದರೆ ಸಾಲ ತೀರಿತೇ? ಅದಕ್ಕೆ ಬೇರೆಯದೇ ದಾರಿ ಬೇಕು.

ಆ ದಾರಿಯನ್ನು ಸಂಸತ್ತು 2016ರ ದಿವಾಳಿ ಸಂಹಿತೆಯಲ್ಲೇ ಬರೆದಿದೆ. ಅದರ ಹೆಸರು 'ಹೊಸ ಆರಂಭ'. ವರ್ಷಕ್ಕೆ 60,000 ರೂಪಾಯಿ ಮೀರದ ಆದಾಯ, 20,000 ಮೀರದ ಆಸ್ತಿ, 35,000 ಮೀರದ ಸಾಲ, ಸ್ವಂತ ಮನೆಯಿಲ್ಲದ ಸ್ಥಿತಿ: ಇಂಥವರು ಅರ್ಜಿ ಹಾಕಿದೊಡನೆ ಆ ಸಾಲಗಳ ವಸೂಲಿ ನಿಲ್ಲಬೇಕು, ಅರ್ಜಿ ಸರಿಯಿದ್ದರೆ ಕೊನೆಗೆ ಸಾಲವೇ ರದ್ದಾಗಬೇಕು. ಆದರೆ ವ್ಯಕ್ತಿಗಳ ದಿವಾಳಿಯ ಈ ಭಾಗವನ್ನು 2019ರ ಡಿಸೆಂಬರ್ 1ರಂದು ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಬಡವರ ಅಧ್ಯಾಯ ಕಾಗದದಲ್ಲೇ ಉಳಿದಿದೆ. ಜಾರಿಯಾದರೂ ತಿಂಗಳಿಗೆ ಐದು ಸಾವಿರಕ್ಕಿಂತ ಹೆಚ್ಚು ದುಡಿಯುವ ಕೂಲಿಯವಳು ಅದರ ಹೊರಗೇ ನಿಲ್ಲಬೇಕು! ಆ ಅಧ್ಯಾಯ ಜಾರಿಯಾಗಲಿ, ಮಿತಿಗಳು ಏರಲಿ ಎಂದು ನಾವು ಕೇಳಬೇಕಾಗಿದೆ.

ಸರಕಾರವನ್ನಷ್ಟೇ ದೂರಿದರೆ ಸಾಲದು. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂದು ಕುರ್‌ಆನ್ ಹೇಳುತ್ತದೆ. ಝಕಾತಿನ ಎಂಟು ಬಾಬುಗಳಲ್ಲಿ ಸಾಲಗಾರರದೂ ಒಂದು. ಇದನ್ನು ಓದುವ ನಾವೇ ಸೋತವನನ್ನು ಕಂಡು 'ಮುಫ್ಲಿಸ್' ಎಂದು ನಗುತ್ತೇವೆ. ಆ ನಗೆಗೆ ಅಂಜಿ ಎಷ್ಟು ಮಂದಿ ನ್ಯಾಯಾಲಯದ ಮೆಟ್ಟಿಲು ಹತ್ತದೆ ರಾತ್ರೋರಾತ್ರಿ ಊರು ಬಿಟ್ಟಿದ್ದಾರೋ! ಮೊದಲು ಆ ನಗೆಯನ್ನು ನಿಲ್ಲಿಸೋಣ.