ನೆಲ ಡೊಂಕಿಲ್ಲವೆಂದು ಅಳುವವರಿಗೆ



ಕಳೆದ ವಾರ ಬೆಂಗಳೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನ ಮಗ ಈ ಸಲದ ಹೊಸ ಋತುವಿನಿಂದ ಮೌಂಟನ್ ಬೈಕ್ ಸ್ಪರ್ಧೆಗೆ ಇಳಿಯುತ್ತಾನಂತೆ. ಕೇಳಿ ಸಂತೋಷವಾಯಿತು. ಸೈಕಲ್ಲಿನ ಬೆಲೆ ಒಂದೂವರೆ ಲಕ್ಷ ಎಂದ, ನಾನು ಸುಮ್ಮನಾದೆ. ಆಮೇಲೆ ಅವನೇ, "ನಮ್ಮ ಮಂಡ್ಯದ ಕಡೆ ಇದೆಲ್ಲ ಎಲ್ಲಿ ಸಾಧ್ಯ ಮೇಷ್ಟ್ರೇ? ಬೆಟ್ಟ ಇಲ್ಲ, ಒಳ್ಳೆಯ ಸೈಕಲ್ ಇಲ್ಲ, ಹುಡುಗರಿಗೆ ಆಸಕ್ತಿಯೂ ಇಲ್ಲ" ಎಂದು ಮಾತು ಮುಗಿಸಿದ. ಅವನು ಹುಟ್ಟಿದ್ದು ಮಳವಳ್ಳಿ ತಾಲ್ಲೂಕಿನಲ್ಲಿ. ಶಾಲೆಗೆ ಬಂದದ್ದು ಅಪ್ಪನ ಹಳೆಯ ಸೈಕಲ್ಲಿನಲ್ಲಿ. ಅಂದು ಫೋನಿನಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಬೆಟ್ಟದ ಮಾತು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ನಿಮಗೆಲ್ಲ ಕಲಿಸಿದ್ದೇನೆ. ಈಗ ನಾವು ನೆಲ ಡೊಂಕಿಲ್ಲವೆಂದು ಅಳುತ್ತಿದ್ದೇವೆ! ಈ ಕ್ರೀಡೆಯ ಒಲಿಂಪಿಕ್ ಪ್ರಕಾರವಾದ ಕ್ರಾಸ್ ಕಂಟ್ರಿಗೆ ಬೇಕಾದುದು ಪರ್ವತವಲ್ಲ. ನಾಲ್ಕರಿಂದ ಆರು ಕಿಲೋಮೀಟರಿನ ಒಂದು ಸುತ್ತು. ಅದರಲ್ಲಿ ಏರು, ಇಳಿಜಾರು, ಕಲ್ಲು, ಮಣ್ಣು, ತಿರುವು ಇದ್ದರೆ ಸಾಕು. ಅದನ್ನೇ ಹಲವು ಬಾರಿ ಸುತ್ತಬೇಕು. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ಗದಗದಲ್ಲಿ. ಗದಗವೇನು ಹಿಮಾಲಯವೇ? ಮಂಡ್ಯದ ಸುತ್ತ ನೀರಾವರಿಯ ಸಪಾಟು ನೆಲವಿದೆ, ಒಪ್ಪುತ್ತೇನೆ. ಆದರೆ ಮದ್ದೂರು ದಾಟಿ ಮಳವಳ್ಳಿಯತ್ತ ಹೊರಟು ಹಲಗೂರಿನ ಕಡೆಗೆ ತಿರುಗಿ ನೋಡಿ. ಹೊಲ ಕಲ್ಲಾಗುತ್ತದೆ, ದಾರಿ ಏರಿಳಿಯುತ್ತದೆ. ಶಿವನಸಮುದ್ರದಲ್ಲಿ ಕಾವೇರಿ ಧುಮುಕುವುದೂ, 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋದದ್ದೂ ನೆಲ ಡೊಂಕಾಗಿದ್ದುದರಿಂದಲೇ ಅಲ್ಲವೇ? ಮುತ್ತತ್ತಿಯ ಕಾಡು ವನ್ಯಜೀವಿಗಳದ್ದು. ಅದರೊಳಗೆ ಸೈಕಲ್ ನುಗ್ಗಿಸಿ ಎಂದು ನಾನು ಹೇಳಲಾರೆ. ಕಾಡಿನ ಹೊರಗೇ ಕೆರೆ ಏರಿಗಳಿವೆ, ಗೋಮಾಳಗಳಿವೆ, ಗಾಡಿದಾರಿಗಳಿವೆ.

ಎರಡನೆಯದು ಸೈಕಲ್ಲಿನ ಮಾತು. ಈ ಕ್ರೀಡೆ ಹುಟ್ಟಿದ್ದು ಅಂಗಡಿಯಲ್ಲಿ ಅಲ್ಲ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಜಿಲ್ಲೆಯ ಕೆಲವು ತರುಣರು ಗುಜರಿಯ ದಪ್ಪ ಟೈರಿನ ಸೈಕಲ್ಲುಗಳನ್ನು ರಿಪೇರಿ ಮಾಡಿಕೊಂಡು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸತೊಡಗಿದರು. ಹಿಂದಿನ ಚಕ್ರದ ಹಬ್ಬಿನೊಳಗಿನ ಬ್ರೇಕು ಕಾಯ್ದು, ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ಬಳಿಕ ಮತ್ತೆ ಗ್ರೀಸು ತುಂಬಬೇಕಿತ್ತು. ಅದಕ್ಕೇ 1976ರಲ್ಲಿ ಆರಂಭವಾದ ಅವರ ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರಾಯಿತು. ಇಪ್ಪತ್ತು ವರ್ಷಗಳಲ್ಲಿ, ಅಂದರೆ 1996ರ ಅಟ್ಲಾಂಟಾದಲ್ಲಿ, ಅದೇ ಆಟ ಒಲಿಂಪಿಕ್ಸ್ ಸೇರಿತು. ಪುರುಷರಿಗೂ ಮಹಿಳೆಯರಿಗೂ ಒಟ್ಟಿಗೇ. ರಾಷ್ಟ್ರಮಟ್ಟದಲ್ಲಿ ಗೆಲ್ಲಲು ಒಳ್ಳೆಯ ಗೇರು, ಒಳ್ಳೆಯ ಬ್ರೇಕು ಬೇಕು, ಸುಳ್ಳಲ್ಲ. ಆದರೆ ಆರಂಭಿಸಲು ಬೇಕಾದುದು ಗಟ್ಟಿ ಚಕ್ರ, ಹಿಡಿಯುವ ಬ್ರೇಕು, ತಲೆಗೆ ಹೆಲ್ಮೆಟ್ಟು. ಗೆಲುವನ್ನು ಕೊಂಡು ತಂದು ನಿಲ್ಲಿಸಬಹುದೆಂದು ತಿಳಿದವರ ಮನೆಯಲ್ಲಿ ಒಂದೂವರೆ ಲಕ್ಷದ ಸೈಕಲ್ಲು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವುದನ್ನು ಕಣ್ಣಾರೆ ಕಂಡಿದ್ದೇನೆ.

ಮೂರನೆಯದು ಆಸಕ್ತಿಯ ಮಾತು. ಇಲ್ಲಿ ನಾನು ತಪ್ಪೊಪ್ಪಿಗೆ ಮಾಡಬೇಕಾಗಿದೆ.

ನಮ್ಮ ರಾಜ್ಯದಲ್ಲಿ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಸುಮಾರು 2009ರಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಆ ಗೇರಿಲ್ಲದ ಸೈಕಲ್ಲಿನಲ್ಲಿ ತಂಗಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಗಾಡಿದಾರಿಯಲ್ಲಿ ಒಂಬತ್ತು ಕಿಲೋಮೀಟರು ತುಳಿದು ಬರುತ್ತಿದ್ದ. ಕೆರೆ ಏರಿಯ ಕಡಿದಾದ ಏರಿನಲ್ಲೂ ಇಳಿಯುತ್ತಿರಲಿಲ್ಲ. ದೈಹಿಕ ಶಿಕ್ಷಣದ ಮೇಷ್ಟ್ರು, "ಈ ಹುಡುಗನನ್ನು ನನಗೆ ಬಿಡಿ, ಏನಾದರೂ ಮಾಡುತ್ತೇನೆ" ಎಂದು ಕೇಳಿದರು. ನಾನು ಬಿಡಲಿಲ್ಲ. ಗಣಿತದಲ್ಲಿ ಹಿಂದಿದ್ದಾನೆ, ಎಸ್ಸೆಸ್ಸೆಲ್ಸಿ ಮೊದಲು ಎಂದೆ. ಅವನು ಎಸ್ಸೆಸ್ಸೆಲ್ಸಿ ಪಾಸಾದ, ಮೂವತ್ತೈದಕ್ಕೆ ಎರಡೇ ಅಂಕ ಹೆಚ್ಚು. ಆಮೇಲೆ ಸೈಕಲ್ಲೂ ಇಲ್ಲ, ಗಣಿತವೂ ಇಲ್ಲ. ತಂಗಿಗೂ ಒಂದು ಸೈಕಲ್ ಬಂತು. ಅವಳು ದೊಡ್ಡವಳಾದ ವರ್ಷವೇ ಮನೆಯವರು ಅದನ್ನು ಹಾಲಿನ ಕ್ಯಾನು ಹೊರಲು ಇಟ್ಟುಕೊಂಡರು. ಅದರ ವಿರುದ್ಧ ಅಂದು ನಾನೊಂದು ಮಾತೂ ಆಡಲಿಲ್ಲ.

ಗಣಿತದವನಾದ್ದರಿಂದ ಲೆಕ್ಕ ಹಾಕಿದ್ದೇನೆ. ಪ್ರತಿ ವರ್ಷ ಜನವರಿಯಿಂದ ಪರೀಕ್ಷೆಯವರೆಗೆ ಹತ್ತು ವಾರ, ವಾರಕ್ಕೆ ಎರಡರಂತೆ ಪಿ.ಟಿ. ಪಿರಿಯಡ್ಡುಗಳನ್ನು ಕಸಿದುಕೊಂಡೆ. 31 ವರ್ಷಕ್ಕೆ 620 ಪಿರಿಯಡ್ಡು. ನಲವತ್ತು ನಿಮಿಷದಂತೆ 413 ಗಂಟೆಗೂ ಮಿಗಿಲು. ಇದು ಮಕ್ಕಳಿಂದ ನಾನು ಕದ್ದ ಕಾಲ. ನೀವೆಲ್ಲ "ನಮ್ಮ ಮೇಷ್ಟ್ರು ಎಷ್ಟು ಶ್ರಮಪಟ್ಟರು" ಎಂದು ಹೊಗಳುವಾಗ ನನಗೆ ಈ ಅಂಕಿ ನೆನಪಾಗುತ್ತದೆ. ಆಟದ ಸಮಯ ಕಸಿದು, ಆಮೇಲೆ ಮಕ್ಕಳಿಗೆ ಆಸಕ್ತಿಯಿಲ್ಲ ಎನ್ನುವುದು ಯಾವ ನ್ಯಾಯ? ವಿಜಯಪುರ, ಬಾಗಲಕೋಟೆಗಳ ಬಿಸಿಲ ನೆಲದ ಬಡಮಕ್ಕಳು ದಶಕಗಳಿಂದ ಸೈಕ್ಲಿಂಗಿನಲ್ಲಿ ರಾಷ್ಟ್ರೀಯ ಪದಕ ತರುತ್ತಿದ್ದಾರೆ. ಅವರ ಕಾಲು ನಮ್ಮ ಮಕ್ಕಳ ಕಾಲಿಗಿಂತ ಬೇರೆಯಲ್ಲ. ಅಲ್ಲಿ ಕ್ರೀಡಾ ವಸತಿನಿಲಯವಿತ್ತು, ತುಳಿಯಲು ಬಿಡುವ ಹಿರಿಯರಿದ್ದರು.

"ರಸ್ತೆಯಲ್ಲಿ ಅಪಾಯ" ಎಂಬ ತಾಯಂದಿರ ಆತಂಕವನ್ನು ಮಾತ್ರ ನಾನು ತಳ್ಳಿಹಾಕಲಾರೆ. ನಮ್ಮ ನಡುವೆಯೇ ಹಾದುಹೋಗುವ ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲಿಗೂ ನಿಷೇಧ ಬಂತು. ವೇಗದ ರಸ್ತೆಯಲ್ಲಿ ಅದು ಸರಿಯೇ. ಆದರೆ ಉಳಿದದ್ದು ಸರ್ವಿಸ್ ರಸ್ತೆ. ಕಬ್ಬು ಅರೆಯುವ ಕಾಲದಲ್ಲಿ ಹಿಂಬದಿ ದೀಪವಿಲ್ಲದ ಜೋಡಿ ಟ್ರೈಲರುಗಳೂ ಅಲ್ಲೇ ಸಾಗುತ್ತವೆ. ನಾಲೆಯ ದಂಡೆಯಂತೂ ಬೇಡವೇ ಬೇಡ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಉರುಳಿ 30 ಜನ ತೀರಿಕೊಂಡದ್ದನ್ನು ನಾವು ಮರೆಯಬಾರದು. ಆದುದರಿಂದಲೇ ಹೇಳುತ್ತೇನೆ: ಡಾಂಬರು ಬಿಟ್ಟು ಮಣ್ಣಿಗಿಳಿಯುವ ಈ ಕ್ರೀಡೆಯೇ ನಮ್ಮ ಮಕ್ಕಳಿಗೆ ಹೆಚ್ಚು ಕ್ಷೇಮ. ಬಿದ್ದರೆ ಮೊಣಕಾಲು ತರಚೀತು. ಲಾರಿಯ ಚಕ್ರವಂತೂ ಮೇಲೆ ಹರಿಯದು.

ಆದ್ದರಿಂದ ಈ ಋತು ಆರಂಭವಾಗುವ ಹೊತ್ತಿನಲ್ಲಿ ನನ್ನ ಬೇಡಿಕೆ ಮೂರು. ನಿಮ್ಮಲ್ಲಿ ಮೇಷ್ಟ್ರಾದವರೇ, ಪಿ.ಟಿ. ಪಿರಿಯಡ್ಡನ್ನು ಮುಟ್ಟಬೇಡಿ. ಪಂಚಾಯಿತಿಯಲ್ಲಿರುವವರೇ, ಊರ ಗೋಮಾಳದಲ್ಲಿ ನಾಲ್ಕು ಕಿಲೋಮೀಟರಿನ ಒಂದು ಸುತ್ತುದಾರಿ ಗುರುತಿಸಿ. ಮುಳ್ಳು ಸವರಲು ಹೆಚ್ಚು ಹಣ ಬೇಕಿಲ್ಲ. ತಂದೆತಾಯಿಗಳೇ, ಹೆಣ್ಣುಮಕ್ಕಳ ಕೈಯಿಂದ ಸೈಕಲ್ ಕಸಿಯಬೇಡಿ. ಹೊಸ ಸವಾರರು ಮೊದಲ ವಾರವೇ ಪಂದ್ಯಕ್ಕೆ ಹಾರುವುದೂ ಬೇಡ. ಕೆಲವು ವಾರ ನಿಧಾನವಾಗಿ ದೂರ ತುಳಿಯಲಿ, ಆಮೇಲೆ ಏರು, ಕಡೆಗೆ ವೇಗ. ಪಂಕ್ಚರ್ ಹಾಕುವುದನ್ನೂ ಕಲಿಯಲಿ. ಈ ಪಂದ್ಯದಲ್ಲಿ ಚಕ್ರ ಕೈಕೊಟ್ಟರೆ ತಾನೇ ಸರಿಪಡಿಸಿಕೊಳ್ಳಬೇಕು, ಇಲ್ಲವೇ ನೆರವಿನ ನಿಗದಿತ ತಾಣದವರೆಗೆ ತಾನೇ ಸಾಗಬೇಕು.

ಫೋನು ಮಾಡಿದ ಶಿಷ್ಯನೇ, ನಿನ್ನ ಮಗನನ್ನು ಒಂದು ಭಾನುವಾರ ಊರಿಗೆ ಕರೆದುಕೊಂಡು ಬಾ. ನೀನು ತುಳಿದ ಕೆರೆ ಏರಿಯ ಮೇಲೆ ಅವನೂ ತುಳಿಯಲಿ, ಊರ ಹುಡುಗರೂ ತಮ್ಮ ತಮ್ಮ ಸೈಕಲ್ಲಿನಲ್ಲಿ ಬರಲಿ. ಗಡಿಯಾರ ಹಿಡಿದು ನಾನು ಏರಿಯ ಕೊನೆಯಲ್ಲಿ ಕೂರುತ್ತೇನೆ. 413 ಗಂಟೆಯ ಸಾಲವಿದೆ. ತೀರಿಸಲು ಆಯಸ್ಸು ಸಾಲದು, ಬಡ್ಡಿಯನ್ನಾದರೂ ಕಟ್ಟೋಣ.

ಇಂತು ನಿಮ್ಮ ಹಳೆಯ ಗಣಿತದ ಮೇಷ್ಟ್ರು