ಗುಡಿಸಿದ ಕಸವೂ ಮಂಡೂರಿನ ನೀರೂ

ಕಸ ಗುಡಿಸುವುದನ್ನೇ ಕಾಯಕವನ್ನಾಗಿ ಸ್ವೀಕರಿಸಿ ಶರಣಪಥದಲ್ಲಿ ನಡೆದವರು ಹನ್ನೆರಡನೆಯ ಶತಮಾನದ ಸತ್ಯಕ್ಕನವರು. ಲೋಕವು ಕೀಳೆಂದು ಬಗೆದ ಕೆಲಸಕ್ಕೆ ಶರಣರು ಘನತೆಯನ್ನು ತಂದರು. ಆದರೆ ತನ್ನಂಗಳವನ್ನು ಗುಡಿಸಿ ಆ ಕಸವನ್ನು ನೆರೆಯವರ ಅಂಗಳಕ್ಕೆ ನೂಕಿದರೆ ಅದು ಕಾಯಕವೆನಿಸುವುದೇ? ಮಂಡೂರಿನ ವಿಷಯದಲ್ಲಿ ಬೆಂಗಳೂರು ಮಹಾನಗರವು ಉತ್ತರಿಸಬೇಕಾದ ಪ್ರಶ್ನೆ ಇದೇ ಆಗಿದೆ.

ಹಲಸೂರಿನಿಂದ ಹಳೇ ಮದ್ರಾಸು ರಸ್ತೆಯಲ್ಲಿ ಕೃಷ್ಣರಾಜಪುರವನ್ನು ದಾಟಿ ಮುಂದೆ ಸಾಗಿದರೆ, ರಸ್ತೆಯಿಂದ ತುಸು ಒಳಗೆ ಬಿದರಹಳ್ಳಿ ಹೋಬಳಿಯ ಮಂಡೂರು ಇದೆ. ನಗರದ ಕಸವು ಅಲ್ಲಿ ಬೆಟ್ಟವಾಗಿ ಬೆಳೆಯಿತು. 2012ರಲ್ಲಿ ಯಲಹಂಕದ ಕಡೆಯ ಮಾವಳ್ಳಿಪುರದಲ್ಲಿ ಕಸ ಸುರಿಯುವುದು ನಿಂತ ಮೇಲೆ ಮಂಡೂರಿನ ಭಾರ ಇನ್ನಷ್ಟು ಹೆಚ್ಚಿತು. ದುರ್ವಾಸನೆ, ನೊಣ, ಕೆಟ್ಟ ನೀರುಗಳನ್ನು ಸಹಿಸಲಾರದೆ ಗ್ರಾಮಸ್ಥರು 2014ರ ಜೂನ್ ತಿಂಗಳಲ್ಲಿ ಪ್ರತಿಭಟನೆಗೆ ಇಳಿದರು. ಸರ್ಕಾರವು ಕಾಲಾವಕಾಶ ಕೋರಿತು. ಅದೇ ವರ್ಷದ ಡಿಸೆಂಬರ್ 1ರಿಂದ ಕಸ ಸುರಿಯುವುದು ನಿಂತಿತು.

ಲಾರಿಗಳು ನಿಂತೊಡನೆ ನೀರು ತಿಳಿಯಾಗುವುದಿಲ್ಲ. ಬೆರಕೆ ಕಸದ ರಾಶಿಯ ಮೇಲೆ ಬಿದ್ದ ಮಳೆಯು ಕೊಳೆತ ಪದಾರ್ಥಗಳ ಸಾರವನ್ನು ಹೀರಿ ಕಪ್ಪು ರಸವಾಗಿ ಕೆಳಗಿಳಿಯುತ್ತದೆ. ಇದನ್ನೇ ಲೀಚೇಟ್ ಎನ್ನುವರು. ಅಮೋನಿಯಾ, ಲವಣಗಳು, ಹಳೆಯ ಬ್ಯಾಟರಿ ಮುಂತಾದವುಗಳಿಂದ ಬಂದ ಲೋಹಗಳು ಇದರಲ್ಲಿರುತ್ತವೆ. ಬೆಂಗಳೂರಿನ ನೆಲದಾಳದಲ್ಲಿರುವುದು ಗಟ್ಟಿ ಶಿಲೆ. ಅಲ್ಲಿ ನೀರು ಬಿರುಕುಗಳ ಮೂಲಕ ಹರಿಯುತ್ತದೆ. ಬಿರುಕು ಯಾವ ಕಡೆಗೆ ಸಾಗಿದೆಯೆಂಬುದು ಮೇಲಿನಿಂದ ಕಾಣದು. ಆದ್ದರಿಂದ ಒಂದು ಕೊಳವೆ ಬಾವಿ ಕೆಟ್ಟಾಗ ಪಕ್ಕದ್ದು ಚೆನ್ನಾಗಿರಬಹುದು. ಕೆಲವು ವರ್ಷಗಳ ಬಳಿಕ ಅದೂ ಕೆಡಬಹುದು. ಇಂತಹ ನೀರನ್ನು ಕಾಯಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ನೈಟ್ರೇಟ್ ಮತ್ತು ಲೋಹಗಳು ಹೋಗುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕವು ನೈಟ್ರೇಟಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿಯನ್ನು ವಿಧಿಸಿದೆ. ಅದು ಮಿತಿಮೀರಿದರೆ ಹಸುಗೂಸುಗಳ ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನೇ ಕಳೆದುಕೊಳ್ಳಬಹುದು.

ಇಂದಿರಾನಗರದ ಮನೆಗಳಿಗೆ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿ ಹರಿದು ಬರುತ್ತದೆ. ಹಳ್ಳಿಯ ಒಕ್ಕಲಿಗೂ ದನಕರುಗಳಿಗೂ ಕಾಲಡಿಯ ನೀರೇ ಆಸರೆ. ದೂರದ ನೀರನ್ನು ತರಿಸಿಕೊಂಡು ಕುಡಿಯುವವರು ಹತ್ತಿರದವರ ನೀರನ್ನು ಕೆಡಿಸುವುದು ಯಾವ ನ್ಯಾಯ?

ಕಾನೂನಿಗೆ ಕೊರತೆಯಿರಲಿಲ್ಲ. ಕಸ ತುಂಬುವ ನೆಲಕ್ಕೆ ರಸ ಇಳಿಯದಂತೆ ತಳಹಾಸು ಇರಬೇಕು, ರಸವನ್ನು ಸಂಗ್ರಹಿಸಿ ಸಂಸ್ಕರಿಸಬೇಕು, ಸುತ್ತಲಿನ ಅಂತರ್ಜಲವನ್ನು ಪರೀಕ್ಷಿಸುತ್ತಿರಬೇಕು ಎಂದು 2000ದ ನಿಯಮಗಳೇ ವಿಧಿಸಿದ್ದವು. 2016ರ ನಿಯಮಗಳು ಕಸವನ್ನು ಮನೆಯಲ್ಲಿಯೇ ಬೇರ್ಪಡಿಸುವ ಹೊಣೆಯನ್ನು ಹೊರಿಸಿದವು. ಕೊರತೆಯಿದ್ದುದು ಆಚರಣೆಯಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಐದು ಪಾಲಿಕೆಗಳಾಗಿ ವಿಂಗಡಣೆಗೊಂಡಿತು. ನಾಮಫಲಕ ಬದಲಾದ ಮಾತ್ರಕ್ಕೆ ಹಳೆಯ ಋಣ ತೀರದು. ಮಂಡೂರಿನ ಸುತ್ತಲಿನ ಬಾವಿಗಳ ನೀರನ್ನು ಮಳೆಗಾಲದ ಮುಂಚೆಯೂ ಅನಂತರವೂ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕು. ನೀರು ಕೆಟ್ಟಿರುವಲ್ಲಿ ಶುದ್ಧ ನೀರನ್ನು ಒದಗಿಸುವ ವೆಚ್ಚವನ್ನು ಕಸ ಕಳುಹಿಸಿದ ನಗರವೇ ಭರಿಸಬೇಕು.

ಕಸ ಎಲ್ಲಿಗಾದರೂ ಹೋಗಲೇಬೇಕಲ್ಲವೆ ಎಂದು ಕೇಳುವವರುಂಟು. ನಗರದ ಕಸದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಹಸಿ ಕಸ. ಕಪ್ಪು ರಸದ ಮೂಲವೂ ಬಹುಮಟ್ಟಿಗೆ ಅದೇ. ಅದನ್ನು ಬೆರಕೆಯಾಗದಂತೆ ಬೇರೆಯಿಟ್ಟರೆ ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ಕಿನೊಡನೆ ಕಟ್ಟಿ ಎಸೆದರೆ ವಿಷವಾಗುತ್ತದೆ. ಶಿವಾಜಿನಗರದ ತರಕಾರಿ ಮಳಿಗೆಗೂ, ಹಲಸೂರಿನ ಮದುವೆ ಛತ್ರಕ್ಕೂ, ಮಠದ ದಾಸೋಹದ ಪಂಕ್ತಿಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ. ಊಟ ಮುಗಿದ ಎಲೆ ಎಲ್ಲಿಗೆ ಹೋಗುವುದೆಂದು ವಿಚಾರಿಸದಿದ್ದರೆ ದಾಸೋಹ ಪೂರ್ಣವಾಗದು.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಜನರ ನೀರಡಿಕೆ ನೀಗಲು ಕೆರೆಯನ್ನು ಕಟ್ಟಿಸಿದರು. ಕೆರೆ ಕಟ್ಟಿಸುವ ಶಕ್ತಿ ಎಲ್ಲ ಭಕ್ತರಿಗೂ ಇರಲಾರದು. ಆದರೆ ಮತ್ತೊಂದು ಊರಿನ ಬಾವಿಯನ್ನು ಕೆಡಿಸದಿರುವ ಶಕ್ತಿ ಪ್ರತಿಯೊಬ್ಬರ ಅಡಿಗೆಮನೆಯಲ್ಲಿಯೂ ಇದೆ. ಅದನ್ನು ಇಂದಿನಿಂದಲೇ ನಿತ್ಯದ ವ್ರತವನ್ನಾಗಿ ಆಚರಿಸುವುದು ಸದ್ಭಕ್ತರೆಲ್ಲರ ಕರ್ತವ್ಯವಾಗಿದೆ.